ತೂಕದ ಜಾಗದಲ್ಲಿ ನ್ಯಾಮತಿ

ನಮ್ಮ ಆಫೀಸಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಊರು ಹಿಡಿದು ಕರೆಯುತ್ತೇವೆ. ನಾನು ನಲ್ಲೂರು. ನನ್ನ ಎದುರಿನ ಟೇಬಲ್ಲಿನವರು ನ್ಯಾಮತಿ. ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ನ್ಯಾಮತಿಯಣ್ಣ. ಕಿಟಕಿಯ ಪಕ್ಕ ಕೂರುವ ಹುಡುಗಿ ಜಗಳೂರು ತಾಲ್ಲೂಕಿನ ಸೊಕ್ಕೆಯವಳು, ಹಾಗಾಗಿ ಸೊಕ್ಕೆ. ಬಸವಾಪಟ್ಟಣದಿಂದ ಇಬ್ಬರು ಬರುತ್ತಾರೆ. ಅವರಲ್ಲಿ ಮೊದಲು ಸೇರಿದವರು ಹಳೇ ಬಸವಾಪಟ್ಟಣ, ಆಮೇಲೆ ಸೇರಿದವರು ಹೊಸ ಬಸವಾಪಟ್ಟಣ. ಹೊಸಬರಿಗೇ ತಲೆ ನರೆತಿದೆ.

ಆಫೀಸು ಇರುವುದು ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ, ಒಂದು ಗೊಬ್ಬರದಂಗಡಿಯ ಮಹಡಿಯಲ್ಲಿ. ಮೇಲೆ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ಅಂಗಡಿಯವರು ‘ಕಂಪ್ಯೂಟರ್ ರಿಪೇರಿ’ ಎಂದುಬಿಡುತ್ತಾರೆ. ಅದನ್ನು ನಂಬಿ ಮೆಟ್ಟಿಲು ಹತ್ತಿ ಬಂದ ಸಾಮಾನುಗಳ ಲೆಕ್ಕ ನನ್ನ ಡೈರಿಯಲ್ಲಿದೆ: ಈವರೆಗೆ ನಾಲ್ಕು ಮೊಬೈಲು, ಒಂದು ಮಿಕ್ಸಿ, ಒಂದು ಪಂಪಿನ ಸ್ಟಾರ್ಟರ್. ಸ್ಟಾರ್ಟರನ್ನು ಹೊಸ ಬಸವಾಪಟ್ಟಣ ಸರಿ ಮಾಡಿಯೇ ಕಳಿಸಿದರು.

ನಿಜವಾಗಿ ನಾವು ಮಾಡುವುದೂ ಒಂದು ಬಗೆಯ ರಿಪೇರಿಯೇ. ಹೊರದೇಶದ ಒಂದು ಸರಕು ಸಾಗಣೆ ಕಂಪನಿಯ ಹತ್ತಿರ ದೊಡ್ಡದೊಂದು ಹಳೆಯ ಕಾಲದ ಕಂಪ್ಯೂಟರ್ ಇದೆ, ಮೇನ್‌ಫ್ರೇಮ್ ಎನ್ನುತ್ತಾರೆ. ಪಾರ್ಸೆಲ್ಲುಗಳ ತೂಕ, ಅಳತೆ, ಯಾವ ಲಾರಿಗೆ ಯಾವುದು ಎಂಬ ಲೆಕ್ಕವೆಲ್ಲ ಅದರಲ್ಲೇ ನಡೆಯುತ್ತದೆ. ನಾವ್ಯಾರೂ ಅದನ್ನು ಕಣ್ಣಿಂದ ಕಂಡಿಲ್ಲ. ಅದರಲ್ಲಿ ಓಡುವ ಪ್ರೋಗ್ರಾಂ ಯಾವುದಾದರೂ ನಡುವೆ ನಿಂತುಹೋದರೆ ಏಕೆ ನಿಂತಿತು ಎಂದು ಇಲ್ಲಿ ಕೂತು ಕಂಡುಹಿಡಿಯಬೇಕು. ಹಾಗೆ ನಿಲ್ಲುವುದಕ್ಕೆ ಅಬೆಂಡ್ ಎಂಬ ಮಾತಿದೆ. ನಾವು ಮಾತ್ರ ‘ಸತ್ತಿತು’ ಎನ್ನುತ್ತೇವೆ. ಇವತ್ತು ಎಷ್ಟು ಸತ್ತವು, ಯಾವುದರಿಂದ ಸತ್ತವು ಎಂದು ನಾನು ಡೈರಿಯ ಕೊನೆಯ ಸಾಲಿನಲ್ಲಿ ದಿನವೂ ಬರೆದಿಡುತ್ತೇನೆ. ಒಮ್ಮೆ ಆ ಸಾಲನ್ನು ಓದಿ ಅಮ್ಮ ಗಾಬರಿಯಾಗಿದ್ದಳು.

ಪ್ರೋಗ್ರಾಂ ಸತ್ತ ಕೂಡಲೇ ಆ ಯಂತ್ರ ಒಂದು ಕೆಲಸ ಮಾಡುತ್ತದೆ. ಆ ಕ್ಷಣದಲ್ಲಿ ಪ್ರೋಗ್ರಾಮಿನ ನೆನಪಿನಲ್ಲಿ ಏನೇನಿತ್ತೋ ಅದನ್ನೆಲ್ಲ ಇದ್ದುದು ಇದ್ದಂತೆ ಬರೆದು ಹೊರಗೆ ಹಾಕುತ್ತದೆ. ಅದೇ ಡಂಪ್. ಊಟ ಮಾಡುತ್ತಿದ್ದವರೆಲ್ಲ ತಟ್ಟನೆ ಎದ್ದು ಹೋದ ಮನೆಯ ಹಾಗೆ. ತುತ್ತು ತಟ್ಟೆಯಲ್ಲೇ ಇರುತ್ತದೆ, ನಲ್ಲಿ ತಿರುಗಿಸಿದಷ್ಟೇ ತಿರುಗಿರುತ್ತದೆ. ಅದನ್ನು ನೋಡಿ ಎದ್ದು ಹೋದದ್ದು ಏಕೆ ಎಂದು ಹೇಳಬೇಕು.

ಡಂಪಿನ ಹಾಳೆಯಲ್ಲಿ ಮೂರು ಭಾಗ. ಎಡಕ್ಕೆ ನೆನಪಿನ ಮನೆಗಳ ವಿಳಾಸ. ನಡುವೆ ಆ ಮನೆಗಳಲ್ಲಿ ಏನಿದೆ ಎಂಬುದು ಯಂತ್ರದ ಸಂಖ್ಯೆಯಲ್ಲಿ: ಒಂದೊಂದು ಮನೆಗೆ ಎರಡೆರಡು ಚಿಹ್ನೆ, ಅಂಕಿಗಳ ಜೊತೆ ಎ ಇಂದ ಎಫ್‌ವರೆಗಿನ ಅಕ್ಷರಗಳು. ಬಲಕ್ಕೆ, ಅದೇ ಮನೆಗಳನ್ನು ಇಂಗ್ಲಿಷ್ ಅಕ್ಷರಗಳೆಂದು ಓದಿದರೆ ಏನು ಬರುತ್ತದೋ ಅದು. ಅಕ್ಷರವಾಗಿ ಓದಲು ಬಾರದ ಕಡೆ ಬರೀ ಚುಕ್ಕಿ. ಹಾಗಾಗಿ ಬಲಗಡೆ ಸಾಲುಸಾಲು ಚುಕ್ಕಿ, ನಡುನಡುವೆ ಎಲ್ಲೋ ಒಂದು ಮಾತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಂಥ ಚುಕ್ಕಿಗಳ ನಡುವೆ ನನಗೆ ‘ಚನ್ನಗಿರಿ’ ಕಂಡಿತು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ, ಬಸ್ಸಿನ ಹಣೆಯ ಮೇಲೆ ಬರೆದ ಹಾಗೆ. ನಾನು ಕುರ್ಚಿ ಹಿಂದಕ್ಕೆ ತಳ್ಳಿ ಕಿಟಕಿಯಾಚೆ ನೋಡಿದೆ. ಅಲ್ಲೂ ಚನ್ನಗಿರಿ ಇತ್ತು. ಸಮುದ್ರದಾಚೆಯ ಯಂತ್ರದ ಹೊಟ್ಟೆಯಲ್ಲಿ ಇದು ಹೇಗೆ ಬಂತು ಎಂದು ಕೇಳಿದರೆ ನ್ಯಾಮತಿಯಣ್ಣ, ‘ಅದಕ್ಕೇ ಮತ್ತೆ ನಮಗೆ ಕೆಲ್ಸ ಸಿಕ್ಕಿರೋದು’ ಎಂದರು. ಅರ್ಧ ತಮಾಷೆ, ಅರ್ಧ ನಿಜ.

ಆ ಪ್ರೋಗ್ರಾಮುಗಳನ್ನು ಮೊದಲು ಬರೆದವರು ಹೊನ್ನಾಳಿಯವರೊಬ್ಬರು. ಬಹಳ ವರ್ಷ ಮುಂಬೈಯಲ್ಲಿದ್ದುಕೊಂಡು ಆ ಕಂಪನಿಯ ಕೆಲಸ ಮಾಡಿ, ನಿವೃತ್ತರಾಗಿ ಊರಿಗೆ ಬಂದು ಹೊಳೆಯ ಹತ್ತಿರ ಮನೆ ಮಾಡಿಕೊಂಡಿದ್ದಾರೆ. ಚನ್ನಗಿರಿಯಲ್ಲಿ ಈ ಆಫೀಸು ತೆರೆಯಲು ಅವರೇ ಕಾರಣ. ತಿಂಗಳಿಗೆ ಎರಡು ದಿನ ಬಂದು ನಮಗೆ ಡಂಪ್ ಓದುವುದನ್ನು ಕಲಿಸುತ್ತಾರೆ. ನಾವು ಅವರನ್ನು ಮೇಷ್ಟ್ರು ಎನ್ನುತ್ತೇವೆ. ಊರಿನಿಂದ ಕರೆಸಿಕೊಳ್ಳದವರು ಅವರೊಬ್ಬರೇ.

ಆ ಹೆಸರುಗಳ ಗುಟ್ಟನ್ನು ಅವರೇ ಹೇಳಿದರು. ಡಂಪಿನ ಸಾವಿರ ಸಾಲುಗಳಲ್ಲಿ ತಮ್ಮ ಪ್ರೋಗ್ರಾಮಿನ ಅಂಕಿಗಳು ಎಲ್ಲಿ ಶುರುವಾಗುತ್ತವೆ, ಎಲ್ಲಿ ಮುಗಿಯುತ್ತವೆ ಎಂದು ಬೇಗ ಸಿಗಲಿ ಎಂದು ಹಳೆಯ ಕಾಲದವರು ಅಲ್ಲಲ್ಲಿ ಗುರುತಿನ ಮಾತು ನೆಡುತ್ತಿದ್ದರಂತೆ, ಹೊಲದ ಗಡಿಗೆ ಕಲ್ಲು ನೆಟ್ಟ ಹಾಗೆ. ಬೇರೆಯವರು ‘ಆರಂಭ’, ‘ಅಂತ್ಯ’ ಎಂದು ಬರೆದರೆ ಇವರು ಶುರುವಿಗೆ ಹೊನ್ನಾಳಿ, ನಡುವಿಗೆ ಚನ್ನಗಿರಿ, ಕೊನೆಗೆ ಜಗಳೂರು ಎಂದು ಬರೆದರು. ಏಕೆ ಈ ಮೂರು ಎಂದು ಕೇಳಿದೆ.

‘ಹೊನ್ನಾಳಿ ನಮ್ಮೂರು. ಚನ್ನಗಿರಿ ನಮ್ಮನೆಯವರ ಊರು. ಅಕ್ಕನ್ನ ಕೊಟ್ಟಿದ್ದು ಜಗಳೂರಿಗೆ. ಮುಂಬೈನಾಗೆ ಕೂತ್ಕಂಡು ದಿನಾ ಆ ಚುಕ್ಕಿ ನೋಡಿ ನೋಡಿ ಕಣ್ಣು ಬತ್ತಿ ಹೋಗ್ತಿದ್ವು ತಂಗಿ. ನಡುವೆ ಒಂದು ಊರು ಕಂಡ್ರೆ ನೀರು ಕುಡ್ದಂಗೆ ಆಗದು.’

ಮೇಷ್ಟ್ರ ಪಾಠ ಪೂರ್ತಿ ಕಾಗದದ ಮೇಲೆ. ಪರದೆಯಲ್ಲಿ ಓದಿದರೆ ಅವರಿಗೆ ಆಗದು. ಪ್ರಿಂಟ್ ತೆಗೆದು, ಸಾಲಿನ ಕೆಳಗೆ ಮರದ ಸ್ಕೇಲಿಟ್ಟು ಓದಬೇಕು. ನಮಗೆಲ್ಲ ಒಂದೊಂದು ಸ್ಕೇಲ್ ಕೊಟ್ಟಿದ್ದಾರೆ. ಅವರು ಪ್ರತಿ ಸಲವೂ ಹೇಳುವ ಮಾತು ಒಂದೇ: ‘ಸತ್ತ ಜಾಗದಾಗೆ ಕಳ್ಳನ್ನ ಹುಡುಕಬ್ಯಾಡ್ರಿ. ಅಲ್ಲಿ ಇರೋದು ಹೆಣ ಅಷ್ಟೆ.’

ಸೊಕ್ಕೆ ನಮ್ಮಲ್ಲಿ ಸೇರಿದ್ದು ಕಳೆದ ಬೇಸಿಗೆಯಲ್ಲಿ. ಬಿ.ಇಡಿ. ಸೀಟು ಸಿಕ್ಕಿದ್ದನ್ನು ಬಿಟ್ಟು ಬಂದಿದ್ದಳು. ಸೊಕ್ಕೆಯಿಂದ ದಿನಾ ಬಂದು ಹೋಗುವುದು ಆಗದ ಮಾತಾದ್ದರಿಂದ ನ್ಯಾಮತಿಯಣ್ಣ ತಾವು ಬಾಡಿಗೆಗಿದ್ದ ಬೀದಿಯಲ್ಲೇ ಅವಳಿಗೂ ಒಂದು ಮನೆಯ ಮಹಡಿಯಲ್ಲಿ ರೂಮು ಹುಡುಕಿಕೊಟ್ಟರು. ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಅದು ಮುಗಿದ ಮೇಲೆ ಕೆಲಸ ಕಾಯಂ ಮಾಡುತ್ತಾರೆ, ಇಲ್ಲವೇ ಮನೆಗೆ ಕಳಿಸುತ್ತಾರೆ. ಅವಳ ಆರು ತಿಂಗಳು ಮುಗಿಯುವ ವಾರದ ಸೋಮವಾರವೇ ತೂಕದ ಪ್ರೋಗ್ರಾಂ ಸತ್ತಿತು.

ತೂಕದ ಲೆಕ್ಕದಲ್ಲಿ ಎರಡು ಪ್ರೋಗ್ರಾಂ ಜೋಡಿಯಾಗಿ ಕೆಲಸ ಮಾಡುತ್ತವೆ. ಮೊದಲನೆಯದು ಪಾರ್ಸೆಲ್ಲಿನ ವಿವರಗಳನ್ನು ಒಂದು ತಟ್ಟೆಯಲ್ಲಿ ಬಡಿಸಿದ ಹಾಗೆ ಸಾಲಾಗಿ ಇಟ್ಟು ಎರಡನೆಯದಕ್ಕೆ ಕೊಡುತ್ತದೆ. ಎರಡನೆಯದು ಆ ತಟ್ಟೆಯಿಂದ ತೂಕ ತೆಗೆದುಕೊಂಡು ಲಾರಿಯ ಲೆಕ್ಕಕ್ಕೆ ಕೂಡಿಸುತ್ತದೆ. ಸತ್ತದ್ದು ಎರಡನೆಯದು. ಮೊದಲನೆಯದರಲ್ಲಿ ಸೊಕ್ಕೆ ಹಿಂದಿನ ಶುಕ್ರವಾರ ಒಂದು ಸಣ್ಣ ಬದಲಾವಣೆ ಮಾಡಿದ್ದಳು, ಒಂದು ವರದಿಯ ತಲೆಬರಹ ತಿದ್ದಿದ್ದಳು ಅಷ್ಟೆ. ಆದರೆ ತಿದ್ದಿದ ಪ್ರೋಗ್ರಾಂ ಓಡಿದ ಮೊದಲ ಸಲವೇ ಹೀಗಾಯಿತು. ಅವಳ ಬದಲಾವಣೆಯನ್ನು ತೆಗೆದು ಹಳೆಯ ಪ್ರೋಗ್ರಾಮನ್ನೇ ವಾಪಸ್ಸಿಟ್ಟು ಓಡಿಸಿದರು. ಸಲೀಸಾಗಿ ಓಡಿತು.

ಇದಕ್ಕಿಂತ ಸಾಕ್ಷಿ ಯಾರಿಗೆ ಬೇಕು? ದಾವಣಗೆರೆಯಲ್ಲಿ ಕೂರುವ ನಮ್ಮ ತಂಡದ ಮುಖ್ಯಸ್ಥರು, ಲೀಡ್ ಎನ್ನುತ್ತೇವೆ, ಫೋನಿನಲ್ಲಿ ನಿಧಾನವಾಗಿಯೇ ಹೇಳಿದರು: ಶುಕ್ರವಾರ ಮಧ್ಯಾಹ್ನ ಕಂಪನಿಯವರ ಜೊತೆ ಮಾತುಕತೆ ಇದೆ, ಅಷ್ಟರೊಳಗೆ ಕಾರಣ ಬರೆದು ಕೊಡಬೇಕು. ಸೊಕ್ಕೆಯ ಕಾಯಂ ವಿಷಯವನ್ನೂ ಅದನ್ನು ನೋಡಿಕೊಂಡೇ ತೀರ್ಮಾನಿಸುತ್ತೇನೆ. ಡಂಪನ್ನು ನಲ್ಲೂರು ಓದಲಿ, ಅವಳು ಲೆಕ್ಕ ಇಡುವವಳು. ಸೊಕ್ಕೆ ಇದೆಲ್ಲವನ್ನೂ ಸ್ಪೀಕರಿನಲ್ಲಿ ಕೇಳಿಸಿಕೊಂಡಳು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು ಕೂತಳು.

ಯಾವುದರಿಂದ ಸತ್ತಿತು ಎಂಬುದು ಡಂಪಿನ ಮೊದಲ ಹಾಳೆಯಲ್ಲೇ ಇತ್ತು: ಅಂಕಿ ಅಲ್ಲದ್ದನ್ನು ಕೂಡಿಸಲು ಹೋಗಿ ಸತ್ತಿತ್ತು. ನನ್ನ ಡೈರಿಯ ಸಾವುಗಳಲ್ಲಿ ಅತಿ ಹೆಚ್ಚು ಇದೇ ಬಗೆಯವು. ಕೂಡಿಸಲು ಹೋದದ್ದು ತೂಕವನ್ನು ಎಂಬುದೂ ಬೇಗ ಸಿಕ್ಕಿತು. ತೂಕದ ಜಾಗ ಅಂದರೆ ನಾಲ್ಕು ಮನೆ. ಅವುಗಳಲ್ಲಿ ಇದ್ದದ್ದು ಡಿ-ಐದು, ಇ-ಎಂಟು, ಸಿ-ಒಂದು, ಡಿ-ನಾಲ್ಕು. ತೂಕ ಹಾಗಿರುವುದಿಲ್ಲ. ಅಂಕಿಗಳಿರಬೇಕಾದ ಕಡೆ ಬಂದ ಕಸ ಅದು ಎಂದುಕೊಂಡೆ.

‘ನಂದೇ ಇರ್ಬೇಕು ಅಕ್ಕಾ,’ ಎಂದಳು ಸೊಕ್ಕೆ. ‘ತಲೆಬರಹ ಉದ್ದ ಆಗಿ ಆ ಕಡೆ ಚೆಲ್ಲೈತೆ.’

ನೋಡಿದೆವು. ತಲೆಬರಹ ತನ್ನ ಜಾಗದಲ್ಲೇ, ಬಹಳ ದೂರದಲ್ಲಿ, ಒಂದು ಮನೆಯೂ ಚೆಲ್ಲದೆ ಇತ್ತು. ಆದರೂ ಮಂಗಳವಾರ ಇಡೀ ದಿನ ಅದನ್ನೇ ಹಿಂದುಮುಂದು ನೋಡಿದೆವು. ಅವಳ ತಪ್ಪನ್ನು ಹುಡುಕುವುದರಲ್ಲಿ ನನಗಿಂತ ಅವಳಿಗೇ ಆತುರ ಹೆಚ್ಚಿತ್ತು. ಮಂಡಕ್ಕಿ ತರಿಸಿದರೆ ತಿನ್ನಲಿಲ್ಲ. ನ್ಯಾಮತಿಯಣ್ಣ ಅವಳ ಪಾಲಿನ ಮೆಣಸಿನಕಾಯಿ ಬಜ್ಜಿಯನ್ನೂ ತಾವೇ ತಿಂದು, ‘ಸಾಯ್ಲಿ ಬಿಡವ್ವಾ, ಪ್ರೋಗ್ರಾಂ ತಾನೇ ಸತ್ತಿದ್ದು, ಪಾರ್ಸೆಲ್ಲಿನೋರು ಯಾರೂ ಸತ್ತಿಲ್ಲ’ ಎಂದು ಸಮಾಧಾನ ಹೇಳಿದರು.

ಬುಧವಾರ ಪ್ರಿಂಟ್ ತೆಗೆದೆ. ಮೇಷ್ಟ್ರು ಕಲಿಸಿದ ಹಾಗೆ ಸ್ಕೇಲನ್ನು ಆ ಸಾಲಿನ ಕೆಳಗೆ ಇಟ್ಟೆ. ಅಲ್ಲಿಯವರೆಗೆ ತೂಕ ಎಂದರೆ ಸಂಖ್ಯೆ ತಾನೇ ಎಂದು ಹಾಳೆಯ ನಡುಭಾಗವನ್ನೇ ಓದುತ್ತಿದ್ದೆ. ಬಲಗಡೆಗೆ ಕಣ್ಣು ಹೋಗಿರಲಿಲ್ಲ. ಸ್ಕೇಲು ಉದ್ದವಾಗಿದ್ದುದರಿಂದ ಅದರ ತುದಿ ಬಲಗಡೆಯವರೆಗೂ ಹೋಯಿತು. ಅದರ ಮೇಲೆ ಎರಡು ಮಾತು ಒತ್ತಾಗಿ ಕೂತಿದ್ದವು:

HONNALI NYAMATHI

ಬಸ್ಸಿನ ಬೋರ್ಡೇ. ಸೊಕ್ಕೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿದೆವು. ನಾವು ಕಸ ಎಂದುಕೊಂಡ ಆ ನಾಲ್ಕು ಮನೆಗಳು ನ್ಯಾಮತಿ ಎಂಬ ಮಾತಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು. ಪ್ರೋಗ್ರಾಂ ಪಾರ್ಸೆಲ್ಲಿನ ತೂಕವೆಂದುಕೊಂಡು ನ್ಯಾಮತಿಯ ಅರ್ಧವನ್ನು ಲಾರಿಗೆ ಕೂಡಿಸಲು ಹೋಗಿತ್ತು.

ಇಲ್ಲಿಂದ ಮುಂದೆ ನನಗೆ ಶುಕ್ರವಾರ ಮರೆತೇಹೋಯಿತು ಎನ್ನಬೇಕು. ಸೊಕ್ಕೆಗೆ ಮರೆತಿರಲಿಲ್ಲ.

ಎರಡೂ ಪ್ರೋಗ್ರಾಮುಗಳಿಗೆ ಸೇರಿದ ಒಂದು ಅಳತೆಯ ಹಾಳೆ ಇರುತ್ತದೆ. ಕಾಪಿಬುಕ್ ಎನ್ನುತ್ತಾರೆ. ತಟ್ಟೆಯಲ್ಲಿ ಯಾವುದು ಎಲ್ಲಿ, ಎಷ್ಟು ಮನೆ ಎಂದು ಅದರಲ್ಲಿ ಬರೆದಿರುತ್ತದೆ. ಬಡಿಸುವವನೂ ಉಣ್ಣುವವನೂ ಅದನ್ನೇ ನೋಡಬೇಕು. ಅದನ್ನು ತೆರೆದೆ. ಮೊದಲು ಹೊನ್ನಾಳಿ, ಅದರ ಪಕ್ಕ ನ್ಯಾಮತಿ, ಆಮೇಲೆ ತೂಕ, ಇನ್ನೂ ಕೆಲವು ವಿವರ, ನಡುವೆ ಚನ್ನಗಿರಿ, ಕೊನೆಗೆ ಜಗಳೂರು. ಎಲ್ಲ ಸರಿಯಾಗಿತ್ತು. ಮೇಷ್ಟ್ರು ಮೂರು ಊರು ಎಂದಿದ್ದರಲ್ಲ, ನಾಲ್ಕನೆಯದನ್ನು ಹೇಳಲು ಮರೆತಿರಬೇಕು ಎಂದುಕೊಂಡೆ. ಹಾಳೆಯ ಪ್ರಕಾರ ತೂಕ ಇರುವುದು ನ್ಯಾಮತಿ ದಾಟಿದ ಮೇಲೆ. ಡಂಪಿನಲ್ಲೂ ನ್ಯಾಮತಿ ದಾಟಿದ ಮೇಲೆ ಒಂದು ತೂಕ ಶುದ್ಧವಾಗಿ, ಅಂಕಿಯಾಗಿಯೇ ಕೂತಿತ್ತು. ಆದರೆ ಸತ್ತ ಪ್ರೋಗ್ರಾಂ ಅಲ್ಲಿಯವರೆಗೆ ಹೋಗದೆ ಹೊನ್ನಾಳಿ ದಾಟಿದ ಕೂಡಲೇ ಇಳಿದುಬಿಟ್ಟಿತ್ತು. ಹಾಳೆ ಸರಿ, ತೂಕ ಸರಿ, ಬಡಿಸಿದ್ದು ಸರಿ. ಉಣ್ಣುವವನು ಏಕೆ ಬೇರೆ ಕಡೆ ಕೈ ಹಾಕಿದ?

ಮೇಷ್ಟ್ರಿಗೆ ಫೋನ್ ಮಾಡಿದೆ. ಅವರು ಫೋನಿನಲ್ಲಿ ಡಂಪ್ ಮಾತಾಡುವವರಲ್ಲ. ಕಾಗದ ತಗೊಂಡು ಬರ್ರಿ ಎಂದರು.

ಗುರುವಾರ ಬೆಳಿಗ್ಗೆ ನಾನೂ ಸೊಕ್ಕೆಯೂ ಹಾಳೆಗಳನ್ನು ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಹೊನ್ನಾಳಿಗೆಂದು ಬಸ್ ಹತ್ತಿದೆವು. ಬಸವಾಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು. ಹಾದಿಯಲ್ಲಿ ಸೊಕ್ಕೆ ಒಂದೇ ಒಂದು ಸಲ ಮಾತಾಡಿದಳು. ಬಿ.ಇಡಿ.ಗೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದರೆ ಅದೇ ಕಾಲೇಜು ಸಿಗುತ್ತದೆಯೇ ಎಂದು ನನ್ನನ್ನು ಕೇಳಿದಳು.

ಮೇಷ್ಟ್ರು ಜಗುಲಿಯ ಮೇಲೆ ಮಣೆ ಹಾಕಿಕೊಂಡು ಕಾದಿದ್ದರು. ಹಾಳೆ ಹರಡಿದೆ. ಅವರು ನನ್ನ ವಿವರಣೆಗೆ ಕಾಯಲಿಲ್ಲ. ತಮ್ಮ ಸ್ಕೇಲನ್ನು ತೆಗೆದುಕೊಂಡು ಹೊನ್ನಾಳಿಯ ಮೇಲೆ ಒಂದು ಬೆರಳು, ಚನ್ನಗಿರಿಯ ಮೇಲೆ ಇನ್ನೊಂದು ಬೆರಳಿಟ್ಟು ನಡುವಿನ ಮನೆಗಳನ್ನು ತುಟಿಯಲ್ಲೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

‘ಐವತ್ತಾರು ಬರ್ತೈತೆ,’ ಎಂದರು. ‘ಹೊನ್ನಾಳಿಯಿಂದ ಚನ್ನಗಿರಿಗೆ ನಲವತ್ತೆಂಟೇ ಇರಬೇಕು. ಎಂಟು ಮನೆ ಹೆಚ್ಚಿಗೆ ಎಲ್ಲಿಂದ ಬಂದ್ವು?’

ನಾನು ನ್ಯಾಮತಿಯನ್ನು ತೋರಿಸಿದೆ. ಇಂಗ್ಲಿಷಿನಲ್ಲಿ ಬರೆದರೆ ಅದಕ್ಕೆ ಸರಿಯಾಗಿ ಎಂಟು ಅಕ್ಷರ. ಅವರು ಕನ್ನಡಕ ಎತ್ತಿ ಹಣೆಗೆ ಏರಿಸಿ ಹಾಳೆಯನ್ನು ಮೂಗಿನ ಹತ್ತಿರಕ್ಕೆ ತಂದುಕೊಂಡರು.

‘ಇದನ್ನ ನಾನು ಬರ್ದಿಲ್ಲ.’

‘ನೀವಲ್ವಾ ಸರ್?’

‘ನಾನ್ಯಾಕೆ ಬರೀಲಿ? ನಮ್ಮ ಕಾಲದಾಗೆ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಳಗೇ ಇತ್ತು. ಒಳಗಿದ್ದೂರಿಗೆ ಬೇರೆ ಕಲ್ಲು ಯಾರಾದ್ರೂ ನೆಡ್ತಾರೇನವ್ವಾ?’

ಆ ಒಂದು ಮಾತಿನಿಂದ ಎಲ್ಲ ಬಿಚ್ಚಿಕೊಂಡಿತು. ಸತ್ತ ಪ್ರೋಗ್ರಾಮನ್ನು ಕೊನೆಯ ಸಲ ಕಟ್ಟಿದ್ದು, ಅಂದರೆ ಬರೆದದ್ದನ್ನು ಯಂತ್ರ ಓಡಿಸುವ ರೂಪಕ್ಕೆ ತಂದದ್ದು, ಯಾವಾಗ ಎಂದು ಮೇಷ್ಟ್ರು ಕೇಳಿದರು. ಅದು ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ಪ್ರೋಗ್ರಾಂ, ಅವರ ಕಾಲದ್ದೇ. ಪ್ರೋಗ್ರಾಂ ಕಟ್ಟುವಾಗ ಅಳತೆಯ ಹಾಳೆ ಹೇಗಿತ್ತೋ ಅದನ್ನು ನುಂಗಿಕೊಂಡುಬಿಡುತ್ತದೆ. ಆಮೇಲೆ ಹಾಳೆಯನ್ನು ತಿದ್ದಿದರೆ, ಮತ್ತೆ ಕಟ್ಟುವವರೆಗೆ ಅದಕ್ಕೆ ಗೊತ್ತಾಗುವುದಿಲ್ಲ. ಹೀಗಾಗಿ ಎರಡನೆಯದಕ್ಕೆ ಗೊತ್ತಿದ್ದದ್ದು ಮೇಷ್ಟ್ರ ಮೂರು ಊರಿನ ಹಾಳೆ: ಹೊನ್ನಾಳಿ ದಾಟಿದರೆ ತೂಕ. ಆ ನಡುವೆ ಯಾರೋ ಹಾಳೆಗೆ ನಾಲ್ಕನೆಯ ಊರು ಸೇರಿಸಿ ಸುಮ್ಮನಾಗಿದ್ದರು. ಎರಡು ಪ್ರೋಗ್ರಾಮನ್ನೂ ಕಟ್ಟಿರಲಿಲ್ಲವಾದ್ದರಿಂದ ಏನೂ ಆಗಲಿಲ್ಲ. ಸೊಕ್ಕೆ ತಲೆಬರಹ ತಿದ್ದಿ ಮೊದಲನೆಯದನ್ನು ಹೊಸದಾಗಿ ಕಟ್ಟಿದಳು. ಅದು ಹೊಸ ಹಾಳೆಯನ್ನು ನುಂಗಿತು, ಹೊಸ ಹಾಳೆಯಂತೆ ಬಡಿಸಿತು. ಉಣ್ಣುವವನು ಹಳೆಯ ಹಾಳೆಯಂತೆ ಕೈ ಹಾಕಿದ.

‘ಮತ್ತೆ ನಂದು ತೆಗೆದ ಕೂಡ್ಲೆ ಸರಿ ಹೋತಲ್ಲ ಸರ್?’ ಎಂದಳು ಸೊಕ್ಕೆ. ಒಳ್ಳೆಯದಾಗುತ್ತಿರುವಾಗಲೂ ಅವಳು ತನ್ನ ವಿರುದ್ಧದ ಸಾಕ್ಷಿಯನ್ನು ಬಿಡಲಿಲ್ಲ.

‘ಹೋಗ್ದೆ ಏನು? ಹಳೇ ಪ್ರೋಗ್ರಾಂ ಇಟ್ರೆ ಹಳೇ ಹಾಳೆನೂ ವಾಪಸ್ ಬಂತಲ್ಲ. ನೀನು ಬಾಗ್ಲು ತೆಗ್ದೆ ತಾಯಿ. ಒಳಗೆ ಹಾವು ಬಿಟ್ಟೋರು ಬೇರೆ.’

ಹಾವು ಬಿಟ್ಟವರು ಯಾರು ಎಂದು ಮೇಷ್ಟ್ರು ಕೇಳಲಿಲ್ಲ. ಅವರ ಮನೆಯವರು ಅವಲಕ್ಕಿ ಕೊಟ್ಟರು. ಸೊಕ್ಕೆ ವಾರದಲ್ಲಿ ಮೊದಲ ಸಲ ತಟ್ಟೆ ಖಾಲಿ ಮಾಡಿದಳು.

ವಾಪಸ್ಸಿನ ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸೊಕ್ಕೆ ಕಿಟಕಿಯ ಕಡೆ ತಿರುಗಿ ಹೇಳಿದಳು: ‘ಅಕ್ಕಾ, ಹಾಳೆ ಬದಲಾಗಿತ್ತು ಅಂತ ಅಷ್ಟೆ ಬರೀರಿ. ಊರು ಬರೀಬ್ಯಾಡ್ರಿ. ನಂಗೆ ರೂಮ್ ಮಾಡ್ಕೊಟ್ಟೋರು ಅವ್ರೇ.’

‘ನಾನು ಬರೀದಿದ್ರೂ ಅದು ಅಲ್ಲೇ ಕಾಣ್ತೈತಲ್ಲೇ. ಇಷ್ಟು ದೊಡ್ಡ ಅಕ್ಷರದಾಗೆ.’

ಅವಳು ಚೀಲದ ಬಾಯಿಯನ್ನು ಮಡಚಿ ಹಿಡಿದುಕೊಂಡಳು. ಕಾರಣ ಸಿಕ್ಕಿದ ಖುಷಿಯಲ್ಲಿ ಇಷ್ಟು ಹೊತ್ತು ಆ ಕಾರಣಕ್ಕೆ ಒಂದು ಮುಖ ಇದೆ ಎಂದು ನಾನು ಯೋಚಿಸಿರಲಿಲ್ಲ. ನಮ್ಮ ಆಫೀಸಿನಲ್ಲಿ ನ್ಯಾಮತಿಯವರು ಒಬ್ಬರೇ.

ಶುಕ್ರವಾರ ಬೆಳಿಗ್ಗೆ ಹಾಳೆಯನ್ನು ನ್ಯಾಮತಿಯಣ್ಣನ ಟೇಬಲ್ಲಿನ ಮೇಲೆ ಇಟ್ಟು, ಆ ಸಾಲಿನ ಕೆಳಗೆ ಸ್ಕೇಲಿಟ್ಟು ನನ್ನ ಜಾಗಕ್ಕೆ ಬಂದು ಕೂತೆ. ಅವರು ಮೊದಲು ನಡುಭಾಗ ಓದಿದರು, ಎಲ್ಲರೂ ಹಾಗೇ. ಆಮೇಲೆ ಕಣ್ಣು ಸ್ಕೇಲಿನ ಜೊತೆ ಬಲಕ್ಕೆ ಹೋಯಿತು. ಎದ್ದು ಕೆಳಗೆ ಹೋದರು. ಹೋಗಿಬಿಟ್ಟರೇನೋ ಎಂದುಕೊಂಡೆ. ಮೂರು ಟೀ ಹಿಡಿದುಕೊಂಡು ಮೇಲೆ ಬಂದರು. ಒಂದನ್ನು ಸೊಕ್ಕೆಯ ಮುಂದಿಟ್ಟರು.

‘ನಂದೇ ಅದು,’ ಎಂದರು.

ನ್ಯಾಮತಿ ತಾಲ್ಲೂಕಾದ ಮೇಲಿನ ಮಾತು. ಯಾವುದೋ ಬೇರೆ ಕೆಲಸಕ್ಕೆಂದು ಆ ಹಾಳೆಯನ್ನು ತೆರೆದಿದ್ದರಂತೆ. ಮೇಷ್ಟ್ರ ಮೂರು ಊರು ಕಂಡವು. ಮೂರೂ ತಾಲ್ಲೂಕು. ಈಗ ನಮ್ಮದೂ ತಾಲ್ಲೂಕೇ ಅಲ್ಲವೇ, ಇರಲಿ ಎಂದು ಒಂದು ಸಾಲು ಸೇರಿಸಿದರು. ಆ ಬೇರೆ ಕೆಲಸ ಆಮೇಲೆ ರದ್ದಾಯಿತು. ಸಾಲು ಮಾತ್ರ ಉಳಿಯಿತು, ಅವರಿಗೆ ಮರೆತೂ ಹೋಯಿತು.

ನನಗೆ ಒಂದೇ ಒಂದು ತಿಳಿಯಬೇಕಿತ್ತು. ಕೊನೆಯಲ್ಲಿ, ಜಗಳೂರು ಆದ ಮೇಲೆ ಸೇರಿಸಿದ್ದರೆ ಯಾವುದೂ ಜರುಗುತ್ತಿರಲಿಲ್ಲ. ತೂಕ ತನ್ನ ಜಾಗದಲ್ಲೇ ಇರುತ್ತಿತ್ತು, ಇನ್ನೂ ಹತ್ತು ವರ್ಷ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಷ್ಟು ತಿಳಿದವರು ನಡುವೆ ಏಕೆ ತುರುಕಿದರು ಎಂದು ಕೇಳಿಯೇಬಿಟ್ಟೆ.

ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ‘ನ್ಯಾಮತಿ ಇರೋದೇ ಹೊನ್ನಾಳಿ ಪಕ್ಕ ಅಲ್ವೇನಮ್ಮಾ? ತಗೊಂಡು ಹೋಗಿ ಜಗಳೂರಾಚೆ ಹೆಂಗೆ ಹಾಕ್ಲಿ?’

ಸೊಕ್ಕೆ ಟೀ ಕುಡಿಯುತ್ತಿದ್ದವಳು ನಕ್ಕುಬಿಟ್ಟಳು. ಮೂಗಿಗೆ ಹತ್ತಿ ಕೆಮ್ಮಿದಳು. ಹಳೇ ಬಸವಾಪಟ್ಟಣ ಬಂದು ಅವಳ ನೆತ್ತಿ ತಟ್ಟಿದರು.

ಮಧ್ಯಾಹ್ನದ ಮಾತುಕತೆಯಲ್ಲಿ ನಾನು ಬರೆದದ್ದನ್ನು ಓದಲು ಶುರುಮಾಡುವ ಮೊದಲೇ ನ್ಯಾಮತಿಯಣ್ಣ ಮೈಕನ್ನು ತಮ್ಮ ಕಡೆ ಎಳೆದುಕೊಂಡರು. ಹಾಳೆಯನ್ನು ತಿದ್ದಿದ್ದು ತಾವು, ಎರಡು ಪ್ರೋಗ್ರಾಮನ್ನೂ ಕಟ್ಟದೆ ಬಿಟ್ಟದ್ದು ತಾವು, ಸೊಕ್ಕೆಯ ಬದಲಾವಣೆಯಲ್ಲಿ ಒಂದಕ್ಷರದ ತಪ್ಪೂ ಇಲ್ಲ ಎಂದು ತಮ್ಮ ಒಡ್ಡೊಡ್ಡು ಇಂಗ್ಲಿಷಿನಲ್ಲಿ ಹೇಳಿದರು. ಕಂಪನಿಯ ಕಡೆಯ ಹೆಂಗಸು ನ್ಯಾಮತಿ ಎಂಬ ಮಾತಿನ ಅರ್ಥವೇನು ಎಂದು ಕೇಳಿದರು. ಅದು ನಮ್ಮೂರು ಎಂದರು ಅಣ್ಣ. ಹಾಗಾದರೆ ಉಳಿದ ಮೂರು, ಎಂದು ಆಕೆ ಕೇಳಿದರು. ಇಷ್ಟು ವರ್ಷ ಡಂಪುಗಳಲ್ಲಿ ಅವುಗಳನ್ನು ನೋಡುತ್ತಿದ್ದರಂತೆ. ಯಾವುದೋ ಹಳೆಯ ಯಂತ್ರದ ಬಿಡಿಭಾಗಗಳ ಹೆಸರು ಎಂದುಕೊಂಡಿದ್ದರಂತೆ. ನಮ್ಮ ಲೀಡ್ ಅವರಿಗೆ ಮೂರು ತಾಲ್ಲೂಕುಗಳ ಪರಿಚಯ ಮಾಡಿಕೊಡಬೇಕಾಯಿತು. ಎಲ್ಲಿ ಯಾವ ಬೆಳೆ ಎಂಬುದನ್ನೂ ಹೇಳಿದರು.

ಮಾತು ಮುಗಿದ ಮೇಲೆ ಲೀಡ್ ಫೋನಿನಲ್ಲೇ ಮೂರು ವಿಷಯ ಹೇಳಿದರು. ಸೊಕ್ಕೆಯ ಕೆಲಸ ಕಾಯಂ, ಪತ್ರ ಸಂಜೆಯೊಳಗೆ ಬರುತ್ತದೆ. ಹಾಳೆಯನ್ನು ಸರಿ ಮಾಡಿ ಮೊದಲನೆಯ ಪ್ರೋಗ್ರಾಮನ್ನು ಮತ್ತೆ ಕಟ್ಟುವ ಕೆಲಸ ಅವಳದೇ. ಇನ್ನು ಮುಂದೆ ನ್ಯಾಮತಿಯಣ್ಣ ಯಾವ ಹಾಳೆಯನ್ನು ತಿದ್ದಿದರೂ ಅದನ್ನು ಸೊಕ್ಕೆ ಓದಿ ಒಪ್ಪಬೇಕು, ಒಂದು ವರ್ಷದವರೆಗೆ. ಮೂರನೆಯದನ್ನು ಕೇಳಿ ಅಣ್ಣ, ‘ಬಾಡಿಗೆ ಮನೆ ನೋಡಿಕೊಟ್ಟಿದ್ದಕ್ಕೆ ಇದು’ ಎಂದು ಗೊಣಗಿದರು. ಗೊಣಗಾಟದಲ್ಲಿ ಸಿಟ್ಟಿರಲಿಲ್ಲ.

ಸೋಮವಾರ ಸೊಕ್ಕೆ ಹಾಳೆ ತಿದ್ದಿದಳು. ನ್ಯಾಮತಿಯನ್ನು ಅಳಿಸಲಿಲ್ಲ. ಹೊನ್ನಾಳಿಯ ಪಕ್ಕದಿಂದ ಎತ್ತಿ ಕೊನೆಗೆ, ಜಗಳೂರಿನ ಆಚೆ ಇಟ್ಟಳು. ಅಲ್ಲಿದ್ದರೆ ಯಾರಿಗೂ ತೊಂದರೆಯಿಲ್ಲ ಎಂದು ಲೀಡ್‌ಗೆ ಬರೆದು ಒಪ್ಪಿಗೆ ಪಡೆದಿದ್ದಳು. ನ್ಯಾಮತಿಯಣ್ಣ ಅವಳ ಹಿಂದೆ ನಿಂತು ಪರದೆ ನೋಡಿದರು.

‘ಜಗಳೂರಾಚೆ ನ್ಯಾಮತಿ ಎಲ್ಲೈತವ್ವಾ?’

‘ಮೆಷಿನ್ನಿಗೆ ಗೊತ್ತಾಗಲ್ಲ, ಸುಮ್ನಿರ್ರಿ ಅಣ್ಣ.’

ಪ್ರೋಗ್ರಾಂ ಓಡಿತು. ಡೈರಿಯ ಕೊನೆಯ ಸಾಲಿನಲ್ಲಿ ಅಂದು ಸೊನ್ನೆ ಬರೆದೆ. ಬರೆದ ಮೇಲೆ ಹೊಳೆಯಿತು: ನಾಲ್ಕು ಊರು ಸಾಲಾಗಿ ಹೇಗೆ ಕಾಣುತ್ತವೆ ಎಂದು ನಾನು ಇನ್ನೂ ನೋಡಿಲ್ಲ. ಚೆನ್ನಾಗಿ ಓಡುವ ಪ್ರೋಗ್ರಾಂ ತನ್ನ ಹೊಟ್ಟೆಯನ್ನು ತೋರಿಸುವುದಿಲ್ಲ. ನೋಡಬೇಕೆಂದರೆ ಅದು ಸಾಯಬೇಕು. ಇದನ್ನು ಸೊಕ್ಕೆಗೆ ಹೇಳಿದರೆ ಅವಳು, ಅದಕ್ಕೇನಂತೆ, ಪರೀಕ್ಷೆಗೆಂದು ಇಟ್ಟುಕೊಂಡಿರುವ ಬೇರೆ ಜಾಗದಲ್ಲಿ ಒಂದು ನಕಲನ್ನು ನಾವೇ ಸಾಯಿಸೋಣ ಎಂದಳು. ತೂಕದ ಜಾಗಕ್ಕೆ ಬೇಕೆಂದೇ ಅಕ್ಷರ ಬರೆದು ಓಡಿಸಿದಳು. ಸತ್ತಿತು. ಅದು ಅವಳು ತಾನಾಗಿ ತೆಗೆದ ಮೊದಲ ಡಂಪ್. ಪ್ರಿಂಟ್ ಮಾಡಿ ಸ್ಕೇಲಿಟ್ಟು ತಾನೇ ಓದಿದಳು, ಹೊನ್ನಾಳಿಯಿಂದ ಶುರುಮಾಡಿ.

ಆ ಹಾಳೆಯನ್ನು ಮೇಷ್ಟ್ರಿಗೆ ತಲುಪಿಸಬೇಕಿತ್ತು. ವಾರದ ಕೊನೆಗೆ ಊರಿಗೆ ಹೋಗುವ ನ್ಯಾಮತಿಯಣ್ಣನಿಗೆ ಹೊನ್ನಾಳಿ ಹಾದಿಯಲ್ಲೇ ಸಿಗುತ್ತದೆ. ಮೊದಲು ಬೇಡ ಎಂದರು, ಆಮೇಲೆ ಚೀಲ ತೆಗೆದುಕೊಂಡರು. ಮುಂದಿನ ವಾರ ಅವರು ಬಂದ ಕೂಡಲೇ ನಾವಿಬ್ಬರೂ ಕೇಳಿದೆವು, ಮೇಷ್ಟ್ರು ಏನಂದರು ಎಂದು.

‘ನಾನು ಯಾಕೆ ಬಂದೆ ಅಂತ ಹೇಳೋಕೂ ಬಿಡ್ಲಿಲ್ಲ,’ ಎಂದರು ಅಣ್ಣ. ‘ಹಾಳೆ ಇಸ್ಕಂಡ್ರು, ಹೊನ್ನಾಳಿ ಮ್ಯಾಲೆ ಒಂದು ಬೆರಳು, ಚನ್ನಗಿರಿ ಮ್ಯಾಲೆ ಒಂದು ಬೆರಳು ಇಟ್ಟು ಎಣಿಸಿದ್ರು. ನಲವತ್ತೆಂಟು ಐತೆ, ಸರಿ ಐತೆ ಅಂದ್ರು. ಆಮ್ಯಾಲೆ ಕೊನೆಗೆ ಬಂದ್ರು. ನ್ಯಾಮತಿ ನೋಡಿದ್ರು, ನನ್ನ ನೋಡಿದ್ರು. ಒಳಗೆ ಬಾರಪ್ಪಾ, ಕಾಫಿ ಕುಡ್ದು ಹೋಗು ಅಂದ್ರು.’